ಕೈ ನಿಂತಾಗ ಓಡುವ ಕೋಡ್: ಇಮ್ಯಾಕ್ಸ್ ಟೈಮರ್‌ಗಳ ಗುಣ-ದೋಷ

ಇಮ್ಯಾಕ್ಸ್ ಎಡಿಟರ್‌ನಲ್ಲಿ ಬೆಂಗಳೂರಿನ ಬಡಾವಣೆ ‘ಕುಕ್ ಟೌನ್’ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ ನೋಡಿ. ‘ಕುಕ್’ ಬರೆದು ಸ್ಪೇಸ್ ಒತ್ತಿದ ಮೇಲೆ, ರಸ್ತೆಯ ಹಾರ್ನ್ ಸದ್ದಿಗೆ ತಲೆಯೆತ್ತಿ ಸ್ವಲ್ಪ ಹೊತ್ತು ಸುಮ್ಮನಿರಿ. ಆಟೋ-ಸೇವ್-ವಿಸಿಟೆಡ್-ಮೋಡ್ ಹಾಕಿದ್ದರೆ 5 ಸೆಕೆಂಡಿಗೆ ಫೈಲ್ ತಾನಾಗಿ ಸೇವ್ ಆಗುತ್ತದೆ. ಸೇವ್‌ಗೆ ಮುಂಚೆ ಸಾಲಿನ ಕೊನೆಯ ಖಾಲಿ ಜಾಗ ಅಳಿಸು ಎಂದು ನೀವು ಹುಕ್ ಬರೆದಿಟ್ಟಿದ್ದರೆ ಈಗಷ್ಟೇ ಒತ್ತಿದ ಸ್ಪೇಸೂ ಹೋಯಿತು. ಮತ್ತೆ ‘ಟೌನ್’ ಟೈಪ್ ಮಾಡಿದರೆ ಮೂಡುವುದು ‘ಕುಕ್ಟೌನ್’. ಇಂಗ್ಲಿಷಿನಲ್ಲಾದರೆ ಎರಡು ಪದ ಅಂಟಿಕೊಳ್ಳುತ್ತವೆ, ಅಷ್ಟೇ. ನಮ್ಮಲ್ಲಿ ಟಕಾರ ಒತ್ತಾಗಿ ಕಕಾರದ ಕೆಳಗೆ ಜಾರಿ, ಬಡಾವಣೆಯ ಗುರುತೇ ಹೋಗುತ್ತದೆ.

ಇಲ್ಲಿ ಯಾವ ಬಗ್ಗೂ ಇಲ್ಲ. ಸೇವ್ ಮಾಡುವ ಟೈಮರೂ ಸರಿ, ಅಳಿಸುವ ಹುಕ್ಕೂ ಸರಿ. ನೀವು ಸುಮ್ಮನಿದ್ದೀರಿ ಎಂದರೆ ಬರೆದು ಮುಗಿಸಿದ್ದೀರಿ ಎಂದು ಟೈಮರ್ ತಿಳಿದುಕೊಂಡದ್ದೇ ತಪ್ಪು. ಬರೆಯುವವರು ಯೋಚಿಸುವುದೂ ಆಗಲೇ ಅಲ್ಲವೇ? ಹಾಗಾಗಿ ಟೈಮರ್ ನೋಡಲಿ, ಎಣಿಸಲಿ, ನೆನಪಿಸಲಿ. ಪಠ್ಯವನ್ನು ಮಾತ್ರ ಮುಟ್ಟಬಾರದು ಎಂಬುದು ನನ್ನ ವಾದ. ಮುಟ್ಟಲೇಬೇಕಾದರೆ ಕರ್ಸರ್ ಇರುವ ಸಾಲನ್ನು ಬಿಡಬೇಕು, ಅಂಡೂ ಗಡಿ ಹಾಕಬೇಕು.

ಇಮ್ಯಾಕ್ಸ್‌ನ ದೊಡ್ಡ ಕೊರತೆ ಬೇರೆಯೇ ಇದೆ. ಟೈಮರ್ ಓಡುವಾಗ ಇನ್‌ಹಿಬಿಟ್-ಕ್ವಿಟ್ ಜಾರಿಯಲ್ಲಿರುತ್ತದೆ, ಅಂದರೆ ಕಂಟ್ರೋಲ್-ಜಿ ಒತ್ತಿದರೂ ನಿಲ್ಲುವುದಿಲ್ಲ. ಅರ್ಧಂಬರ್ಧ ನಿಂತರೆ ಸ್ಥಿತಿ ಕೆಡುತ್ತದೆ ಎಂಬ ಕಾಳಜಿ ಅರ್ಥವಾಗುತ್ತದೆ. ಆದರೆ ನಿಧಾನದ ನೆಟ್‌ವರ್ಕ್ ಡ್ರೈವಿನ ಫೈಲುಗಳನ್ನು ಹುಡುಕುವ ಕೆಲಸವನ್ನು ಟೈಮರ್‌ಗೆ ಕೊಟ್ಟವರು ಕೀಬೋರ್ಡ್ ಸತ್ತಿತೆಂದೇ ಭಾವಿಸುತ್ತಾರೆ. ವಿತ್-ಲೋಕಲ್-ಕ್ವಿಟ್ ಒಳಗೆ ಸುತ್ತಿದರೆ ಬಿಡುಗಡೆ ಉಂಟು. ಕೈಪಿಡಿ ಇದನ್ನು ಹೇಳುತ್ತದೆ, ಕಾಪಿ-ಪೇಸ್ಟ್ ಕಾನ್ಫಿಗ್‌ಗಳು ಹೇಳುವುದಿಲ್ಲ.

ಎಡವುವ ಟೈಮರ್‌ಗಳ ವಿಷಯದಲ್ಲಿ ಇನ್ನೊಂದು ಎಡಿಟರ್ ಆದ ವಿಮ್ ಹೆಚ್ಚು ಕಟ್ಟುನಿಟ್ಟು. 2016ರ ವಿಮ್ 8.0 ತಂದ ಟೈಮರ್‌ನಲ್ಲಿ ಈಗ ಒಂದು ಜಾಣತನವಿದೆ: ಕಾಲ್‌ಬ್ಯಾಕ್ ಸತತ ಮೂರು ಬಾರಿ ಎಡವಿದರೆ ಪುನರಾವರ್ತನೆ ರದ್ದು. ಇಮ್ಯಾಕ್ಸ್‌ನಲ್ಲಿ ತಪ್ಪಿದ ಟೈಮರ್ ಒಂದು ಸಾಲಿನ ದೂರು ತೋರಿಸಿ ಮುಂದಿನ ಸರದಿಗೆ ಮತ್ತೆ ಹಾಜರ್. ಇಲ್ಲಿ ನನ್ನ ಮತ ವಿಮ್‌ಗೆ.

ಇನ್ನೊಂದು ಬಲೆ: ಇನಿಟ್ ಫೈಲನ್ನು ಮತ್ತೆ ಲೋಡ್ ಮಾಡಿದಾಗಲೆಲ್ಲ ಹೊಸ ಟೈಮರ್ ಹುಟ್ಟುತ್ತದೆ, ಹಳೆಯದು ಸಾಯುವುದಿಲ್ಲ. ಟೈಮರನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಂಡು, ಹೊಸದಕ್ಕೆ ಮೊದಲು ಕ್ಯಾನ್ಸಲ್-ಟೈಮರ್‌ನಿಂದ ಹಳೆಯದನ್ನು ರದ್ದು ಮಾಡಿ.

ನಿಮ್ಮ ಇಮ್ಯಾಕ್ಸ್‌ನಲ್ಲಿ ಇವತ್ತೇ ಲಿಸ್ಟ್-ಟೈಮರ್ಸ್ ಆಜ್ಞೆ ಕೊಟ್ಟು ನೋಡಿ. ರದ್ದು ಮಾಡಿದರೆ ಕೆಟ್ಟೀತು ಎಂದು ಅದು ಮೊದಲೇ ಎಚ್ಚರಿಸುತ್ತದೆ. ಪಟ್ಟಿ ಓದುವುದಕ್ಕೆ ಅಂಜಬೇಕಾಗಿಲ್ಲ. ಒಂದೇ ಫಂಕ್ಷನ್ ಹೆಸರು ಎರಡು ಸಲ ಕಂಡರೆ ಇನಿಟ್ ಫೈಲ್ ತೆರೆದು ಸರಿಪಡಿಸಿ.