ಸರದಿಯ ನ್ಯಾಯ: ಭೇಟಿಗಳ ಸ್ವಯಂಚಾಲಿತ ಹಂಚಿಕೆಯನ್ನು ಕುರಿತು ಒಂದು ವಿಮರ್ಶೆ

ಒಂದು ಕೆಲಸಕ್ಕೆ ಹಲವರು ಅರ್ಹರಾಗಿರುವಾಗ ಅದನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಹೊಸದಲ್ಲ. ಊರಿನ ಸಭೆ, ನ್ಯಾಯಸ್ಥಾನ, ಸರ್ಕಾರದ ಕಚೇರಿ ಇವೆಲ್ಲವೂ ತಮ್ಮ ತಮ್ಮ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡಿವೆ. ಇಂದು ವಕೀಲರು, ಲೆಕ್ಕಪರಿಶೋಧಕರು, ವೈದ್ಯರು ಮುಂತಾದವರ ಕಚೇರಿಗಳಲ್ಲಿಯೂ, ವಿದ್ಯಾರ್ಥಿಗಳಿಗೆ ಸಲಹೆ ನೀಡುವ ವಿಭಾಗಗಳಲ್ಲಿಯೂ ಆ ಉತ್ತರವನ್ನು ತಂತ್ರಾಂಶಕ್ಕೆ ಬಿಟ್ಟುಕೊಡುವ ಪದ್ಧತಿ ಹರಡುತ್ತಿದೆ. ಭೇಟಿಯನ್ನು ಬಯಸುವವನು ತನಗೆ ಅನುಕೂಲವಾದ ವೇಳೆಯನ್ನು ಮಾತ್ರ ಆರಿಸುತ್ತಾನೆ. ಅವನನ್ನು ಯಾರು ಕಾಣಬೇಕೆಂಬುದನ್ನು ತಂತ್ರಾಂಶವು ಗೊತ್ತುಮಾಡುತ್ತದೆ. ಈ ಪದ್ಧತಿ ನಿಷ್ಪಕ್ಷಪಾತವಾದುದೆಂಬ ಮಾತೂ ಅದರೊಡನೆಯೇ ಹರಡಿದೆ. ಆ ಮಾತು ಎಷ್ಟರಮಟ್ಟಿಗೆ ಒಪ್ಪತಕ್ಕದ್ದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪದ್ಧತಿಯ ಸ್ವರೂಪವನ್ನು ತಿಳಿಯೋಣ. ತಂಡದ ಪ್ರತಿಯೊಬ್ಬ ಸದಸ್ಯನ ದಿನಚರಿಯನ್ನೂ ತಂತ್ರಾಂಶವು ಪರಿಶೀಲಿಸಿ, ಯಾವ ವೇಳೆಯಲ್ಲಿ ಯಾರಿಗೆ ಬಿಡುವಿದೆಯೆಂಬುದನ್ನು ಕಂಡುಕೊಳ್ಳುತ್ತದೆ. ಒಂದು ವೇಳೆಗೆ ಒಬ್ಬರಿಗೇ ಬಿಡುವಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಹಲವರಿಗೆ ಇದ್ದರೆ ಒಂದು ನಿಯಮ ಬೇಕಾಗುತ್ತದೆ. 2013ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ಯಾಲೆಂಡ್ಲಿ ಎಂಬ ತಂತ್ರಾಂಶದಲ್ಲಿ ‘ರೌಂಡ್ ರಾಬಿನ್’ ಎಂಬ ಹೆಸರಿನ ಏರ್ಪಾಡೊಂದುಂಟು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬಿಡುವಿಗೆ ಪ್ರಾಧಾನ್ಯ: ಗ್ರಾಹಕನಿಗೆ ಆದಷ್ಟು ಹೆಚ್ಚು ವೇಳೆಗಳು ದೊರೆಯುವಂತೆ ನೋಡಿಕೊಳ್ಳಲಾಗುತ್ತದೆ. ಇನ್ನೊಂದರಲ್ಲಿ ಸಮಸಂಖ್ಯೆಗೆ ಪ್ರಾಧಾನ್ಯ: ಸದಸ್ಯರೆಲ್ಲರ ಭೇಟಿಗಳ ಎಣಿಕೆ ಒಂದೇ ಮಟ್ಟಕ್ಕೆ ಬರುವಂತೆ ಹಂಚಲಾಗುತ್ತದೆ. ಕೆಲವು ಸದಸ್ಯರಿಗೆ ಹೆಚ್ಚಿನ ಆದ್ಯತೆಯನ್ನು ಕೊಡುವುದಕ್ಕೂ ಅವಕಾಶವಿದೆ. ಯಾವ ಬಗೆಯನ್ನು ಅನುಸರಿಸಬೇಕು, ಯಾರಿಗೆ ಆದ್ಯತೆ ಇರಬೇಕು ಎಂಬುದನ್ನು ಗೊತ್ತುಮಾಡುವವನು ತಂಡದ ಮೇಲ್ವಿಚಾರಕನೇ ಹೊರತು ತಂತ್ರಾಂಶವಲ್ಲ. ನಮ್ಮ ಮುಂದಿನ ವಾದವೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

‘ಸಮ’ ಎಂಬ ಶಬ್ದವನ್ನು ಇಲ್ಲಿ ಎಚ್ಚರಿಕೆಯಿಂದ ನೋಡಬೇಕು. ಒಂದು ಕಚೇರಿಯಲ್ಲಿ ಮೂವರು ಸಲಹೆಗಾರರಿದ್ದಾರೆಂದು ಭಾವಿಸೋಣ. ಇಬ್ಬರು ವಾರಕ್ಕೆ 30 ಗಂಟೆಗಳಂತೆಯೂ ಮೂರನೆಯವರು 10 ಗಂಟೆಗಳು ಮಾತ್ರವೂ ಕೆಲಸ ಮಾಡುತ್ತಾರೆ. ವಾರಕ್ಕೆ ಅರ್ಧ ಗಂಟೆಯ 30 ಭೇಟಿಗಳು ಬರುತ್ತವೆ. ಸಮಸಂಖ್ಯೆಯ ನಿಯಮದಂತೆ ಒಬ್ಬೊಬ್ಬರಿಗೆ 10 ಭೇಟಿಗಳು, ಎಂದರೆ 5 ಗಂಟೆಗಳ ಕೆಲಸ. ಮೊದಲಿನ ಇಬ್ಬರಿಗೆ ಇದು ತಮ್ಮ ಕಾಲದ ಆರರಲ್ಲೊಂದು ಪಾಲು; ಮೂರನೆಯವರಿಗೆ ಅರ್ಧ ಪಾಲು. ಇದಕ್ಕೆ ಬದಲಾಗಿ ಹಂಚಿಕೆಯು ಅವರವರ ಕೆಲಸದ ಗಂಟೆಗಳ ಪ್ರಮಾಣವನ್ನು ಅನುಸರಿಸಿದರೆ ಭೇಟಿಗಳು ಸುಮಾರು 13, 13, 4 ಎಂದಾಗುತ್ತವೆ. ಸಂಬಳವು ಗಂಟೆಯ ಮೇಲೆ ನಿಂತಿದ್ದರೆ ಎರಡನೆಯ ಹಂಚಿಕೆ ನ್ಯಾಯವೆನಿಸೀತು. ಭೇಟಿಯ ಲೆಕ್ಕದಲ್ಲಿ ಪ್ರತಿಫಲ ದೊರೆಯುವಲ್ಲಿ ಮೂರನೆಯವರು ಮೊದಲನೆಯದನ್ನೇ ಕೇಳಿಯಾರು. ಎರಡನ್ನೂ ಸಮವೆಂದು ಕರೆಯಲು ಅಡ್ಡಿಯಿಲ್ಲ. ಇಷ್ಟೇ ಅಲ್ಲ. ಒಂದು ಅರ್ಜಿಯನ್ನು ತುಂಬಿಸಿಕೊಡುವ ಭೇಟಿಯೂ, ಮನೆತನದ ಪಾಲುಪಟ್ಟಿಯ ತೊಡಕನ್ನು ಬಿಡಿಸುವ ಭೇಟಿಯೂ ಎಣಿಕೆಯಲ್ಲಿ ಒಂದೊಂದೇ. ಗ್ರಾಹಕನು ಬಾರದೆ ಹೋದ ಭೇಟಿಯನ್ನು ಸರದಿಯ ಲೆಕ್ಕಕ್ಕೆ ಹಿಡಿಯಬೇಕೆ ಬೇಡವೆ ಎಂಬುದನ್ನೂ ಯಾರಾದರೂ ನಿರ್ಧರಿಸಲೇಬೇಕು. ಹೀಗೆ ಪ್ರತಿಯೊಂದು ಎಣಿಕೆಯ ಹಿಂದೆಯೂ ಒಬ್ಬರ ತೀರ್ಮಾನವಿದೆ.

ಇದಕ್ಕೆ ಪೂರ್ವಪಕ್ಷವು ಇಲ್ಲದಿಲ್ಲ. ಹಿಂದೆ ಇದೇ ಹಂಚಿಕೆಯನ್ನು ಗುಮಾಸ್ತನೊಬ್ಬನು ಮಾಡುತ್ತಿದ್ದಾಗ ಪರಿಚಯ, ಶಿಫಾರಸು, ದಾಕ್ಷಿಣ್ಯಗಳು ಕೆಲಸಮಾಡುತ್ತಿದ್ದವೆಂಬುದು ಸುಳ್ಳಲ್ಲ. ಒಳ್ಳೆಯ ಕಕ್ಷಿಗಾರರು ಹಿರಿಯರ ಪಾಲಿಗೂ, ತೊಡಕಿನವರು ಕಿರಿಯರ ಪಾಲಿಗೂ ಹೋಗುತ್ತಿದ್ದುದುಂಟು. ಮನುಷ್ಯರ ನಡುವಣ ಪರಿಚಯವನ್ನೇ ದೂರವಿಡುವುದು ಕೆಲವೆಡೆಗಳಲ್ಲಿ ಅವಶ್ಯಕವೂ ಹೌದು. ಭಾರತ ಸರ್ಕಾರವು ಆದಾಯ ತೆರಿಗೆಯ ನಿರ್ಧಾರಕ್ಕಾಗಿ 2019ರಲ್ಲಿ ಪ್ರಕಟಿಸಿದ, 2020ರಲ್ಲಿ ‘ಫೇಸ್‌ಲೆಸ್’ ಎಂಬ ಹೆಸರನ್ನು ಪಡೆದ ಯೋಜನೆಯಲ್ಲಿ ಪ್ರಕರಣಗಳನ್ನು ಅಧಿಕಾರಿಗಳಿಗೆ ಯಾದೃಚ್ಛಿಕವಾಗಿ ಹಂಚುವ ಸ್ವಯಂಚಾಲಿತ ವ್ಯವಸ್ಥೆಯಿದೆ. ತನ್ನ ಪ್ರಕರಣವು ಯಾವ ಅಧಿಕಾರಿಯ ಕೈಯಲ್ಲಿದೆಯೆಂಬುದು ತೆರಿಗೆದಾರನಿಗೆ ತಿಳಿಯಬಾರದೆಂಬುದೇ ಅಲ್ಲಿಯ ಆಶಯ. ಆದರೆ ಒಂದು ಭೇದವನ್ನು ಗಮನಿಸತಕ್ಕದ್ದು. ಅಲ್ಲಿ ಮರೆಯಾಗಿರುವುದು ವ್ಯಕ್ತಿಯ ಹೆಸರು. ಹಂಚಿಕೆ ಯಾದೃಚ್ಛಿಕವೆಂಬ ನಿಯಮವನ್ನು ಅಧಿಸೂಚನೆಯಲ್ಲಿಯೇ ಸಾರಲಾಗಿದೆ. ನಮ್ಮ ಕಚೇರಿಗಳ ತಂತ್ರಾಂಶದಲ್ಲಾದರೋ ಆಗುವುದು ಇದಕ್ಕೆ ವಿಪರೀತ: ವ್ಯಕ್ತಿಯ ಹೆಸರು ಕೊನೆಗೆ ತಿಳಿಯುತ್ತದೆ, ನಿಯಮವು ತಿಳಿಯುವುದಿಲ್ಲ.

ಈ ಭೇದದ ಮಹತ್ವವನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಕ್ರಿ. ಪೂ. 4ನೆಯ ಶತಮಾನದ ಅಥೆನ್ಸಿನಲ್ಲಿ ಆಯಾ ದಿನದ ನ್ಯಾಯಾಸನಕ್ಕೆ ಜನರನ್ನು ಆರಿಸಲು ‘ಕ್ಲೆರೋಟೀರಿಯನ್’ ಎಂಬ ಯಂತ್ರವನ್ನು ಬಳಸುತ್ತಿದ್ದರು. ಹೆಸರಿನ ಬಿಲ್ಲೆಗಳನ್ನು ಅದರ ಸಂದುಗಳಲ್ಲಿ ಸಾಲಾಗಿ ಸಿಕ್ಕಿಸಿ, ಪಕ್ಕದ ಕೊಳವೆಯಿಂದ ಬಿಳಿಯ ಮತ್ತು ಕಪ್ಪು ಗುಂಡುಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಬಿಳಿಯ ಗುಂಡು ಬಿದ್ದ ಸಾಲಿನವರು ಆಯ್ಕೆಯಾಗುತ್ತಿದ್ದರು. ಕಪ್ಪು ಗುಂಡಿನ ಸಾಲಿನವರು ಹಿಂದಿರುಗುತ್ತಿದ್ದರು. ಅದೂ ಸ್ವಯಂಚಾಲಿತ ಹಂಚಿಕೆಯೇ. ಆದರೆ ನಡೆದದ್ದೆಲ್ಲವೂ ಅಲ್ಲಿ ನೆರೆದವರ ಕಣ್ಣೆದುರಿಗೆ ನಡೆಯುತ್ತಿದ್ದಿತು.

ತಮಿಳುನಾಡಿನ ಉತ್ತರಮೇರೂರಿನಲ್ಲಿರುವ ಮೊದಲನೆಯ ಪರಾಂತಕ ಚೋಳನ ಕಾಲದ ಶಾಸನಗಳು ಇದಕ್ಕಿಂತ ಸ್ಫುಟವಾದ ನಿದರ್ಶನ. ಸುಮಾರು ಕ್ರಿ. ಶ. 919 ಮತ್ತು 921ಕ್ಕೆ ಸೇರಿದ ಈ ಶಾಸನಗಳು ಗ್ರಾಮಸಭೆಯ ವಾರ್ಷಿಕ ಸಮಿತಿ, ತೋಟದ ಸಮಿತಿ, ಕೆರೆಯ ಸಮಿತಿ ಮುಂತಾದವುಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ವಿಧಿಸುತ್ತವೆ. ಊರಿನ 30 ವಿಭಾಗಗಳಿಂದ ಅರ್ಹರ ಹೆಸರುಗಳನ್ನು ಓಲೆಯ ಚೀಟಿಗಳಲ್ಲಿ ಬರೆದು ಕೊಡದಲ್ಲಿ ಹಾಕಬೇಕು. ಏನನ್ನೂ ಅರಿಯದ ಬಾಲಕನಿಂದ ಚೀಟಿಯನ್ನು ತೆಗೆಸಬೇಕು. ಅದನ್ನು ಪಡೆಯುವ ಮಧ್ಯಸ್ಥನು ಐದು ಬೆರಳುಗಳನ್ನೂ ಅಗಲಿಸಿ ಅಂಗೈಯ ಮೇಲೆ ಸ್ವೀಕರಿಸಿ ಗಟ್ಟಿಯಾಗಿ ಓದಬೇಕು. ಬೆರಳನ್ನು ಅಗಲಿಸಬೇಕೆಂಬ ಮಾತನ್ನು ಕಲ್ಲಿನಲ್ಲಿ ಕೊರೆಯಿಸುವಷ್ಟರ ಮಟ್ಟಿಗೆ ಆ ಸಭೆಗೆ ಸಂಶಯದ ಅನುಭವವಿದ್ದಿತೆಂದು ಊಹಿಸಬಹುದು. ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವರನ್ನೂ ಲೆಕ್ಕವನ್ನು ಒಪ್ಪಿಸದವರನ್ನೂ ಹೊರಗಿಡಬೇಕೆಂಬ ನಿಯಮವೂ ಅಲ್ಲಿದೆ.

ಈ ವ್ಯವಸ್ಥೆಗಳನ್ನು ಆದರ್ಶವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಅಥೆನ್ಸಿನಲ್ಲಿ ಸ್ತ್ರೀಯರಿಗೂ ದಾಸರಿಗೂ ಬಿಲ್ಲೆಯೇ ಇರಲಿಲ್ಲ. ಉತ್ತರಮೇರೂರಿನ ಸಭೆಯು ಬ್ರಾಹ್ಮಣರ ಅಗ್ರಹಾರದ ಸಭೆ. ಭೂಮಿ, ಸ್ವಂತ ನಿವೇಶನದ ಮನೆ, ವಯಸ್ಸು, ವೇದವಿದ್ಯೆ ಇವುಗಳ ಕಟ್ಟುಪಾಡುಗಳನ್ನು ದಾಟಿ ಆ ಕೊಡದೊಳಕ್ಕೆ ಹೋಗಬಲ್ಲ ಹೆಸರುಗಳು ಕೆಲವೇ. ಆದರೆ ಇದನ್ನು ನಾವು ಇಂದು ಹೇಳಬಲ್ಲೆವಾದರೆ ಅದಕ್ಕೆ ಕಾರಣ ಆ ನಿಯಮಗಳು ಬಹಿರಂಗವಾಗಿದ್ದುದೇ. ಶಾಸನವು ತನ್ನ ಅನ್ಯಾಯವನ್ನೂ ತಾನೇ ದಾಖಲಿಸಿಟ್ಟಿದೆ. ಗೋಡೆಯ ಮೇಲಿನ ನಿಯಮವನ್ನು ಟೀಕಿಸಬಹುದು, ಸಾವಿರ ವರ್ಷಗಳ ಮೇಲಾದರೂ ಟೀಕಿಸಬಹುದು. ಮೇಲ್ವಿಚಾರಕನೊಬ್ಬನೇ ಕಾಣಬಲ್ಲ, ಆತನು ನಿನ್ನೆ ಬದಲಾಯಿಸಿದನೆಂಬುದೂ ಉಳಿದವರಿಗೆ ತಿಳಿಯದ ನಿಯಮವನ್ನು ಟೀಕಿಸುವುದು ಹೇಗೆ?

‘ರೌಂಡ್ ರಾಬಿನ್’ ಎಂಬ ಹೆಸರಿನ ಚರಿತ್ರೆಯೂ ಇಲ್ಲಿ ಪ್ರಸ್ತುತವಾಗಿದೆ. ಇಂಗ್ಲಿಷ್ ನಾವಿಕರು ತಮ್ಮ ದೂರನ್ನು ಮೇಲಧಿಕಾರಿಗೆ ಸಲ್ಲಿಸುವಾಗ ಮೊದಲು ಸಹಿ ಮಾಡಿದವನು ಯಾರೆಂಬುದು ತಿಳಿಯದಂತೆ ಸಹಿಗಳನ್ನು ವೃತ್ತಾಕಾರವಾಗಿ ಬರೆಯುತ್ತಿದ್ದರು; ಆ ಬಗೆಯ ಅರ್ಜಿಗೆ ಈ ಹೆಸರಿದ್ದಿತು. ಹೊಣೆಗಾರನನ್ನು ಮರೆಮಾಡುವುದು ಅಲ್ಲಿ ದುರ್ಬಲರ ರಕ್ಷೆಯಾಗಿದ್ದಿತು. ಇಂದಿನ ಏರ್ಪಾಡಿನಲ್ಲಿ ಆ ವೃತ್ತದ ಮರೆಯು ನಿಯಮವನ್ನು ಮಾಡುವವನಿಗೆ ದೊರೆತಿದೆ. ಗುಮಾಸ್ತನು ಪಕ್ಷಪಾತಿಯಾಗಿದ್ದರೆ ಅವನನ್ನು ಕಾರಣ ಕೇಳಬಹುದಾಗಿದ್ದಿತು. ಈಗ ಕೇಳಿದವರಿಗೆ ‘ತಂತ್ರಾಂಶವು ಕೊಟ್ಟಿತು’ ಎಂಬ ಉತ್ತರ ಸುಲಭವಾಗಿ ಸಿಕ್ಕುತ್ತದೆ.

ಈ ಪದ್ಧತಿಯನ್ನು ನಮ್ಮ ಕಾಲೇಜುಗಳಿಗೆ ತರಬಯಸುವವರು ಇನ್ನೊಂದು ವಿಷಯವನ್ನೂ ಆಲೋಚಿಸಬೇಕು. ಪ್ರಬಂಧವನ್ನು ಬರೆಯುತ್ತಿರುವ ವಿದ್ಯಾರ್ಥಿಯು ಮೂರು ಸಲ ಸಲಹೆಗೆ ಬಂದು, ಸರದಿಯಂತೆ ಮೂವರು ಅಧ್ಯಾಪಕರನ್ನು ಕಂಡರೆ, ಮೂರು ಸಲವೂ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಒಬ್ಬರು ಸೇರಿಸೆಂದ ಅಧ್ಯಾಯವನ್ನು ಮತ್ತೊಬ್ಬರು ತೆಗೆಯೆಂದಾರು. ಅಧ್ಯಾಪಕರ ಲೆಕ್ಕ ಸರಿಹೋಗುತ್ತದೆ, ವಿದ್ಯಾರ್ಥಿಯ ಕೆಲಸ ಕೆಡುತ್ತದೆ. ಆದುದರಿಂದ ಮೊದಲ ಭೇಟಿಗೆ ಸರದಿಯಿರಲಿ, ಮರುಭೇಟಿಗೆ ಪರಿಚಯವೇ ನಿಯಮವಾಗಲಿ. ಹಂಚಿಕೆಯ ನಿಯಮವನ್ನೂ, ಅದನ್ನು ಗೊತ್ತುಮಾಡಿದವರ ಹೆಸರನ್ನೂ, ಬದಲಾದಾಗ ಬದಲಾದ ದಿನಾಂಕವನ್ನೂ ವಿಭಾಗದ ಪ್ರಕಟಣಾ ಫಲಕದಲ್ಲಿ ಹಾಕಲಿ. ಇದಕ್ಕೆ ಹೊಸ ತಂತ್ರಾಂಶವೇನೂ ಬೇಕಿಲ್ಲ, ಒಂದು ಹಾಳೆ ಸಾಕು.

ಚರಿತ್ರೆಯ ಅಧ್ಯಾಪಕರಾದ ನಮಗೆ ಯಂತ್ರದ ಮೇಲೆ ದ್ವೇಷವಿಲ್ಲ. ಅಥೆನ್ಸಿನ ಯಂತ್ರವನ್ನು ಪಾಠದಲ್ಲಿ ಮೆಚ್ಚಿ ವರ್ಣಿಸುವವರು ನಾವೇ. ಆದರೆ ಸರದಿಯು ಯಾರಿಗೆ ಬಂದಿತೆಂಬುದರಷ್ಟೇ, ಯಾವ ನಿಯಮದಿಂದ ಬಂದಿತೆಂಬುದನ್ನು ಕೇಳುವ ಹಕ್ಕು ಉಭಯತರಿಗೂ ಇರಬೇಕು. ಅಂಗೈಯ ಬೆರಳುಗಳು ಅಗಲವಾಗಿರುವವರೆಗೆ ಮಾತ್ರ ಚೀಟಿಯ ಮೇಲೆ ನಂಬಿಕೆ.