ಸಂತೆಬೆನ್ನೂರಿನ ಹೊಂಡವನ್ನು ನೋಡುವ ಬಗೆ

ಉಸ್ಮಾನೀ ತುರ್ಕರು 1522ರಲ್ಲಿ ಗೆದ್ದ ರೋಡ್ಸ್ ದ್ವೀಪಕ್ಕೆ ಹೋಗಿ ಅಲ್ಲಿಯ ಸುಲ್ತಾನ ಸುಲೇಮಾನನ ಮಸೀದಿಯನ್ನು ಕಾಣುವ ಯೋಗ ನಮ್ಮಲ್ಲಿ ಎಷ್ಟು ಜನಕ್ಕೆ ಒದಗೀತು? ಆದರೆ ನೀರು, ದಂಡಯಾತ್ರೆ, ಕಮಾನು ಈ ಮೂರೂ ಅಲ್ಲಿಯಂತೆಯೇ ಒಂದೆಡೆ ಕೂಡಿದ ಸ್ಥಳವೊಂದು ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲೇ ಇದೆ: ಅದೇ ಸಂತೆಬೆನ್ನೂರು.

ಅದಕ್ಕೂ ಮೊದಲು ಹರಿಹರಕ್ಕೆ ಹೋಗಿಬರುವುದು ಲೇಸು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ರಂಗಮಂಟಪದಲ್ಲಿ ನಿಂತು, ಮೇಲ್ಛಾವಣಿಯ ಭಾರವೆಲ್ಲ ತೊಲೆಯಿಂದ ಕಂಬಕ್ಕೆ, ಕಂಬದಿಂದ ನೆಲಕ್ಕೆ ನೆಟ್ಟಗೆ ಇಳಿಯುವ ಕ್ರಮವನ್ನು ಕಣ್ಣಿಗೆ ರೂಢಿಸಿಕೊಂಡವನಿಗೆ, ಅದೇ ಭಾರವು ಕಮಾನಿನಲ್ಲಿ ಕಲ್ಲಿನಿಂದ ಕಲ್ಲಿಗೆ ಒತ್ತುತ್ತ ಓರೆಯಾಗಿ ಹರಿದು ಪಕ್ಕದ ಗೋಡೆಯನ್ನು ಸೇರುವ ಚಮತ್ಕಾರವು ಸಂತೆಬೆನ್ನೂರಿನಲ್ಲಿ ತಾನಾಗಿಯೇ ಗೋಚರಿಸುವುದು.

ಹೊಂಡವನ್ನು ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕನೆಂದು ಪ್ರತೀತಿ. ಬಳಿಕ 17ನೆಯ ಶತಮಾನದಲ್ಲಿ ವಿಜಾಪುರದ ಆದಿಲ್‌ಶಾಹಿ ಸರದಾರ ರಣದುಲ್ಲಾ ಖಾನನು ಈ ಸೀಮೆಯನ್ನು ಗೆದ್ದು, ಇಲ್ಲಿದ್ದ ರಂಗನಾಥನ ಗುಡಿಯನ್ನು ಕೆಡವಿ, ಹೊಂಡದ ದಡದಲ್ಲಿ ಮಸೀದಿಯ ಆಕೃತಿಯ ಕಟ್ಟಡವನ್ನು ಎತ್ತಿಸಿದನೆಂದು ಸ್ಥಳೇತಿಹಾಸವು ಹೇಳುತ್ತದೆ. ಜನ ಅದನ್ನು ಮುಸಾಫಿರ್‌ಖಾನೆ ಎನ್ನುತ್ತಾರೆ. ಈ ಆದಿಲ್‌ಶಾಹಿ ವಂಶದ ಮೂಲಪುರುಷ ಯೂಸುಫನು ಉಸ್ಮಾನೀ ಸುಲ್ತಾನ ಇಮ್ಮಡಿ ಮುರಾದನ ಮಗನೆಂದು ಇತಿಹಾಸಕಾರ ಫೆರಿಷ್ತಾ ಬರೆದಿರುವನು. ಅದನ್ನು ಎಲ್ಲ ಇತಿಹಾಸಜ್ಞರೂ ಒಪ್ಪಿಲ್ಲ. ಗುಡಿಯಳಿದ ಸಂಗತಿಯನ್ನು ನೋಡುವವನು ಮರೆಯಬಾರದು. ಆದರೆ ಆ ನೋವೊಂದೇ ಕಣ್ಣನ್ನು ತುಂಬಿಕೊಂಡರೆ ಎದುರಿಗಿರುವ ಕಲ್ಲು ಕಾಣದೆ ಹೋದೀತು.

ರಸಿಕನು ಮೊದಲು ಮುಸಾಫಿರ್‌ಖಾನೆಯ ಕಮಾನುಗಳನ್ನು ಸಾವಕಾಶವಾಗಿ ನೋಡಿ, ಆಮೇಲೆ ಹೊಂಡದ ಮೆಟ್ಟಿಲುಗಳನ್ನು ನೀರಿನ ಅಂಚಿನವರೆಗೂ ಇಳಿದು, ನಡುನೀರಿನಲ್ಲಿ ದ್ವೀಪದಂತೆ ನಿಂತ ವಸಂತಮಂಟಪದ ಕಡೆ ದೃಷ್ಟಿಯನ್ನು ತಿರುಗಿಸತಕ್ಕದ್ದು. ಅದರ ಮೇಲ್ಭಾಗ ದೇವಾಲಯದ ಶಿಖರದ ಹಾಗೆ ಹಂತಹಂತವಾಗಿ ಏರಿದರೂ ಕೆಳಗೆ ತೆರೆದಿರುವುದು ಕಮಾನು! ನಾಯಕನದೆಂದು ಹೇಳುವ ಮಂಟಪಕ್ಕೆ ಖಾನನ ಕಮಾನು ಬಂದುದೆಂತು? ಹಂಪೆಯ ಕಮಲಮಹಲಿನ ಕಮಾನುಗಳನ್ನು ನೆನೆದವನಿಗೆ ಉತ್ತರ ಸಿಕ್ಕುತ್ತದೆ: ದಂಡು ಬರುವುದಕ್ಕೆ ಬಹಳ ಮುಂಚೆಯೇ ಕಮಾನು ನಮ್ಮ ಕಲ್ಲುಕುಟಿಗರ ಕೈವಶವಾಗಿದ್ದಿತು. ಆದಕಾರಣ ಇದು ಹಿಂದೂ, ಇದು ಮುಸಲ್ಮಾನ ಎಂದು ದಡದಿಂದಲೇ ಗೆರೆಯೆಳೆದು ಹಿಂದಿರುಗುವವನು ಇಲ್ಲಿಯ ಶಿಲ್ಪದ ಅರ್ಧ ಸೊಗಸನ್ನು ಕಳೆದುಕೊಳ್ಳುವನೆಂದೇ ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲ ಕಳೆದ ಮೇಲೆ, ಹೊಂಡ ತುಂಬಿರುವಾಗ, ಎಳೆಬಿಸಿಲಿನ ಹೊತ್ತಿಗೆ ಹೋಗುವುದು ಉತ್ತಮ. ಮಂಟಪದ ಅಡಿಗಟ್ಟನ್ನು ಅಭ್ಯಾಸ ಮಾಡಬೇಕೆನ್ನುವವರು ನೀರಿಳಿದ ಬೇಸಗೆಯಲ್ಲಿ ಮತ್ತೊಮ್ಮೆ ಹೋಗಬೇಕು.