ಗೆರೆಯ ಜೀವ, ಗಣಕದ ಬೆಳಕು

ಇಂದಿನ ಮಕ್ಕಳು ಪುರಾಣಕಥೆಗಳನ್ನು ಅಜ್ಜಿಯ ಬಾಯಿಂದ ಕೇಳುವುದಕ್ಕಿಂತ ತೆರೆಯ ಮೇಲೆ ನೋಡುವುದೇ ಹೆಚ್ಚು. ಶಾಲೆಯ ಭಾಷೆಯೂ ಬೀದಿಯ ಭಾಷೆಯೂ ಬೇರೆಯಾಗಿರುವ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆಗಳಲ್ಲಿ ಈ ಮಾತು ಇನ್ನಷ್ಟು ನಿಜ. ಆದ್ದರಿಂದ ಆ ಚಿತ್ರಗಳ ಗುಣವಿಚಾರ ನಮಗೆ ಬರಿಯ ಮನರಂಜನೆಯ ವಿಷಯವಲ್ಲ.

2025ನೆಯ ವರ್ಷ ಹೋಲಿಕೆಗೆ ಒಳ್ಳೆಯ ಅವಕಾಶವನ್ನು ಒದಗಿಸಿತು. ಜಪಾನಿನ ಯೂಗೊ ಸಾಕೊ ಹಾಗೂ ನಮ್ಮ ದೇಶದ ರಾಮ್ ಮೋಹನ್ ಮೊದಲಾದವರು ಕೂಡಿ ರೂಪಿಸಿದ 1993ರ ರಾಮಾಯಣ ಜನವರಿಯಲ್ಲಿ ತಮಿಳಿನಲ್ಲಿಯೂ ಚಿತ್ರಮಂದಿರಗಳಿಗೆ ಬಂದಿತು. ಅದು ಕೈಯಿಂದ ಬರೆದ ಚಿತ್ರ. ಜುಲೈ ತಿಂಗಳಿನಲ್ಲಿ, ಅಶ್ವಿನ್ ಕುಮಾರ್ ನಿರ್ದೇಶಿಸಿ ಕನ್ನಡದ ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ' ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡಿತು; ಇದು ಗಣಕಯಂತ್ರದ ಚಿತ್ರ.

ಗಣಕದ ಆಕರ್ಷಣೆ ಎಲ್ಲಿದೆ? ಕೈಯಿಂದ ಬರೆಯುವವನು ಒಂದು ಆಕೃತಿಯನ್ನು ಪ್ರತಿ ಕೋನದಿಂದಲೂ ಮತ್ತೆ ಮತ್ತೆ ಬರೆಯಬೇಕು. ಗಣಕದಲ್ಲಿ ಒಮ್ಮೆ ಕಟ್ಟಿದ ಆಕೃತಿಯನ್ನು ಬೇಕಾದಂತೆ ತಿರುಗಿಸಬಹುದು, ಅದರ ಮೇಲೆ ಬೆಳಕು ಚೆಲ್ಲಬಹುದು. ನರಸಿಂಹನ ಉಗ್ರರೂಪಕ್ಕೆ ಬೇಕಾದ ಭಾರ, ವೇಗ, ಬೆಂಕಿಯ ಹೊಳಪು ಇದರಿಂದ ಒದಗಿವೆ. ಆದರೆ ಪ್ರಹ್ಲಾದನ ಮುಖ ಶಾಂತವಾಗಬೇಕಾದಲ್ಲಿ ಬರಿಯ ನಯವಾಗಿ ಉಳಿಯುತ್ತದೆ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರರ ಹಿರಣ್ಯಕಶಿಪುವನ್ನು ಕಂಡವರಿಗೆ ಕಣ್ಣಿನ ಅಭಿನಯವೆಂದರೇನೆಂದು ಗೊತ್ತು. 2014ರ ತಮಿಳಿನ 'ಕೋಚಡೈಯಾನ್' ರಜನಿಕಾಂತರ ಚಲನವಲನಗಳನ್ನೇ ಯಂತ್ರಕ್ಕೆ ಊಡಿಸಿತು. ಚಲನೆ ಬಂದಿತು, ಕಳೆ ಬರಲಿಲ್ಲ.

ಕೈಯ ಗೆರೆ ಇದಕ್ಕೆ ವಿರುದ್ಧವಾದ ದಾರಿ ಹಿಡಿಯುತ್ತದೆ. ಅದು ಬಹಳಷ್ಟನ್ನು ಬಿಟ್ಟುಬಿಡುತ್ತದೆ. ಹುಬ್ಬು ಕೊಂಚ ಬಾಗಿದರೆ ಸಾಕು, ರಾಮನ ದುಃಖವನ್ನು ನೋಡುವವನೇ ತುಂಬಿಕೊಳ್ಳುತ್ತಾನೆ.

ಹಾಗೆಂದು ಗಣಕವನ್ನು ಹಳಿಯುವುದು ಸಲ್ಲದು. 1994ರ 'ಲಯನ್ ಕಿಂಗ್' ಕೈಚಿತ್ರವೇ ಆದರೂ ಕಾಡುಪ್ರಾಣಿಗಳ ಹಿಂಡು ನುಗ್ಗಿಬರುವ ದೃಶ್ಯಕ್ಕೆ ಗಣಕವನ್ನು ಬಳಸಿತು. ಮರಿಸಿಂಹದ ಅಂಜಿಕೆಯನ್ನು ಮಾತ್ರ ಕೈಗೇ ಬಿಟ್ಟಿತು. 2019ರಲ್ಲಿ ಅದೇ ಕಥೆಯನ್ನು ಗಣಕದಲ್ಲಿ ನಿಜಸಿಂಹಗಳಂತೆ ತೋರಿಸಿದಾಗ ಕೂದಲು ಕೂದಲೂ ಕಂಡಿತು, ಅಳು ಕಾಣಲಿಲ್ಲ.

ಮಗ್ಗದ ಊರುಗಳವರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಜಕಾರ್ಡ್ ಮಗ್ಗದ ಸೀರೆಯ ಬುಟ್ಟಾವನ್ನು ಹಿಂದೆ ಚೌಕುಳಿ ಕಾಗದದ ಮೇಲೆ ಕೈಯಿಂದ ಬರೆಯುತ್ತಿದ್ದರು. ಈಗ ಗಣಕ ಬರೆಯುತ್ತದೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಅಂಚಿನಲ್ಲಿ ಯಾವ ಹೂವು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಇಂದಿಗೂ ನುರಿತ ಕಣ್ಣೇ.

ಗಣಕ ಬೆರಗನ್ನು ಕೊಡುತ್ತದೆ, ಗೆರೆ ಭಾವವನ್ನು ಕೊಡುತ್ತದೆ. ಎರಡನ್ನೂ ಬೆಸೆಯಬಲ್ಲವನೇ ಕಲಾವಿದ ಎಂಬುದು ನಮ್ಮ ಅಭಿಮತ. ಮಕ್ಕಳಿಗೆ ಎರಡು ಬಗೆಯ ಚಿತ್ರಗಳನ್ನೂ ತೋರಿಸೋಣ. ಆದರೆ ಮನೆಗೆ ಮರಳಿದ ಮೇಲೆ ಆ ಕಥೆಯನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳೋಣ. ಕಂಬ ಒಡೆಯುವ ಸದ್ದನ್ನು ತೆರೆ ಕೇಳಿಸೀತು. ಕಂಬದಲ್ಲಿಯೂ ಹರಿಯಿದ್ದಾನೆಂಬ ಹುಡುಗನ ನಂಬಿಕೆಯನ್ನು ಹೇಳಲು ಮನೆಯ ಮಾತೇ ಬೇಕು.